ದಪ್ಪ ಹುಡುಗನ ರಿಪೋರ್ಟು ನಾರ್ಮಲ್, ಸಣಕಲು ಹುಡುಗಿಗೆ ಕೊಲೆಸ್ಟ್ರಾಲ್ 271: ಲ್ಯಾಬ್ ತಪ್ಪಾ?

ಪಿಟಿ_ಮೇಷ್ಟ್ರು (ಮಂಡ್ಯ)

ಮಂಡ್ಯ ಸುತ್ತಲಿನ ಒಂದು ಶಾಲೆ, 1ರಿಂದ 10ನೇ ತರಗತಿ, ಒಟ್ಟು 310 ಮಕ್ಕಳು. ದಸರಾ ರಜೆ ಮುಗಿದ ಮೇಲೆ ಎಲ್ಲರಿಗೂ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸೋಣ ಎಂದು ಪೋಷಕರ ಸಮಿತಿಯಲ್ಲಿ ಮಾತಾಗಿದೆ. ಬೆರಳು ಚುಚ್ಚಿ ನೋಡುವ ಮೀಟರ್ ತರುತ್ತೇವೆ ಎಂದು ಒಬ್ಬರು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದರೆ ಮಾತ್ರ ಸರಿ ಎಂದು ಇನ್ನೊಬ್ಬರು.

ಈ ನಡುವೆ ಇಬ್ಬರು ಪೋಷಕರು ತಾವೇ ಹೊರಗೆ ಮಾಡಿಸಿದ ರಿಪೋರ್ಟ್ ತಂದು ತೋರಿಸಿದ್ದಾರೆ. ಎರಡೂ ಖಾಲಿ ಹೊಟ್ಟೆಯವು.

ಹುಡುಗ, 12 ವರ್ಷ, 146 ಸೆಂ.ಮೀ., 58 ಕೆಜಿ, ಸೊಂಟದ ಸುತ್ತಳತೆ 88 ಸೆಂ.ಮೀ. ಒಟ್ಟು ಕೊಲೆಸ್ಟ್ರಾಲ್ 186, ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡುವ ಕೊಬ್ಬು) 212, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 34, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 110. ಕೊಲೆಸ್ಟ್ರಾಲ್ ಪಕ್ಕದಲ್ಲಿ '200ಕ್ಕಿಂತ ಕಡಿಮೆ ಇದ್ದರೆ ಸರಿ' ಎಂದು ಅಚ್ಚಾಗಿದೆ. ಮನೆಯವರಿಗೆ ಸಮಾಧಾನ.

ಹುಡುಗಿ, 10 ವರ್ಷ, 134 ಸೆಂ.ಮೀ., 27 ಕೆಜಿ. ಒಟ್ಟು 271, ಟ್ರೈಗ್ಲಿಸರೈಡ್ 82, ಎಚ್‌ಡಿಎಲ್ 48, ಎಲ್‌ಡಿಎಲ್ 207. ಕಡ್ಡಿ ಹಂಗಿರೋ ಮಗೀಗೆ ಕೊಲೆಸ್ಟ್ರಾಲ್ ಎಲ್ಲಿಂದ ಬರುತ್ತೆ, ಲ್ಯಾಬಿನವರು ಟ್ಯೂಬ್ ಅದಲುಬದಲು ಮಾಡಿರ್ತಾರೆ ಅಂತ ಅವರ ಮನೆಯಲ್ಲಿ ಮಾತು.

ನನ್ನ ಪ್ರಶ್ನೆ ಮೂರು. ಈ ಎರಡು ರಿಪೋರ್ಟನ್ನು ಹೇಗೆ ಓದಬೇಕು? ಶಿಬಿರ ಎಲ್ಲರಿಗೂ ಬೇಕಾ? ಮಾಡುವುದಾದರೆ ಎಲ್ಲಿ ಎಡವುತ್ತೇವೆ?


ಮಕ್ಕಳ_ಒಪಿಡಿ (ಮೈಸೂರು)

ಮೇಷ್ಟ್ರೇ, ಮೊದಲು ರಿಪೋರ್ಟಿನ ಬಲಗಡೆ ಅಚ್ಚಾಗಿರುವ ಆ ಕಾಲಂ ಮೇಲೆ ಒಂದು ಕಾಗದ ಅಂಟಿಸಿ ಮುಚ್ಚಿಬಿಡಿ. ಅದು ದೊಡ್ಡವರದು. ಸಾಫ್ಟ್‌ವೇರಿನಲ್ಲಿ ವಯಸ್ಸು ನೋಡಿ ಬದಲಾಯಿಸುವ ವ್ಯವಸ್ಥೆ ಬಹಳ ಲ್ಯಾಬ್‌ಗಳಲ್ಲಿ ಇರುವುದಿಲ್ಲ. ಮಕ್ಕಳ ವಿಷಯದಲ್ಲಿ ನಡೆಯುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಹುಟ್ಟುತ್ತವೆ.

ಮಕ್ಕಳಿಗೆ ಬಳಸುವುದು ಅಮೆರಿಕದ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ಅಂಕಿಗಳನ್ನು. ಎಲ್ಲವೂ ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಲೆಕ್ಕ. ಒಟ್ಟು ಕೊಲೆಸ್ಟ್ರಾಲ್ 170ರೊಳಗೆ ಇದ್ದರೆ ಸರಿ, 170–199 ಅಂಚು, 200 ಮುಟ್ಟಿದರೆ ಹೆಚ್ಚು. ಎಲ್‌ಡಿಎಲ್ 110ರೊಳಗೆ ಸರಿ, 130 ಮುಟ್ಟಿದರೆ ಹೆಚ್ಚು. ಎಚ್‌ಡಿಎಲ್ 45ಕ್ಕಿಂತ ಮೇಲಿರಬೇಕು, 40ರ ಕೆಳಗೆ ಹೋದರೆ ಕಡಿಮೆ. ಟ್ರೈಗ್ಲಿಸರೈಡಿಗೆ ವಯಸ್ಸಿನ ಗೆರೆ ಬೇರೆ: 9 ವರ್ಷದವರೆಗೆ 75ರೊಳಗೆ ಸರಿ, 100 ಮುಟ್ಟಿದರೆ ಹೆಚ್ಚು, 10ರಿಂದ 19ರವರೆಗೆ 90ರೊಳಗೆ ಸರಿ, 130 ಮುಟ್ಟಿದರೆ ಹೆಚ್ಚು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಸಿಗುವುದು ನಾನ್-ಎಚ್‌ಡಿಎಲ್. ಅದು 120ರೊಳಗೆ ಸರಿ, 145 ಮುಟ್ಟಿದರೆ ಹೆಚ್ಚು.

ಈಗ ಹುಡುಗನದು ನೋಡಿ. 186 'ನಾರ್ಮಲ್' ಅಲ್ಲ, ಅಂಚು. ನಾನ್-ಎಚ್‌ಡಿಎಲ್ 152, ಹೆಚ್ಚು. ಟ್ರೈಗ್ಲಿಸರೈಡ್ 212 ತೀರಾ ಹೆಚ್ಚು, ಎಚ್‌ಡಿಎಲ್ 34 ಕಡಿಮೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 27.2, ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಚಾರ್ಟಿನಲ್ಲಿ ಈ ವಯಸ್ಸಿಗೆ ಇದು ಬೊಜ್ಜಿನ ಗೆರೆ ದಾಟಿದ ಲೆಕ್ಕ. ಸೊಂಟವನ್ನು ಎತ್ತರದಿಂದ ಭಾಗಿಸಿದರೆ 0.6, ಇರಬೇಕಾದ್ದು 0.5ರೊಳಗೆ. ಇದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ದೇಹದ ಚಿತ್ರ. ಕುತ್ತಿಗೆಯ ಹಿಂಭಾಗ, ಕಂಕುಳು ನೋಡಿ: ವೆಲ್ವೆಟ್ ಬಟ್ಟೆಯ ಹಾಗೆ ಕಪ್ಪಗೆ ದಪ್ಪಗಾಗಿದ್ದರೆ ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಈ ಹುಡುಗನಿಗೆ ಮುಂದಿನ ಪರೀಕ್ಷೆ ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿವರಿನ ಎಎಲ್‌ಟಿ, ಮತ್ತು ತೋಳಿನ ಅಳತೆಗೆ ಸರಿಹೊಂದುವ ಪಟ್ಟಿ ಕಟ್ಟಿ ಬಿಪಿ. ಮಾತ್ರೆ ಬೇಡ. ತೂಕ ಇಳಿಸಲು ಪಟ್ಟು ಹಿಡಿಯುವುದೂ ಬೇಡ; ಎತ್ತರ ಬೆಳೆಯುವ ವಯಸ್ಸು, ಒಂದು ವರ್ಷ ತೂಕ 58ರಲ್ಲೇ ನಿಂತರೂ ಬಿಎಂಐ ತಾನೇ ಇಳಿಯುತ್ತದೆ.

ಹುಡುಗಿಯದು ಬೇರೆಯೇ ಕಾಯಿಲೆ. ಟ್ರೈಗ್ಲಿಸರೈಡ್ ಸರಿ, ಎಚ್‌ಡಿಎಲ್ ಸರಿ, ತೂಕ ಸರಿ. ಕೆಟ್ಟಿರುವುದು ಎಲ್‌ಡಿಎಲ್ ಒಂದೇ, ಅದೂ 207. ತಿಂದದ್ದರಿಂದ ಮಾತ್ರ ಒಂದು ಮಗುವಿನ ಎಲ್‌ಡಿಎಲ್ ಈ ಮಟ್ಟಕ್ಕೆ ಏರುವುದಿಲ್ಲ. ರಕ್ತದಿಂದ ಎಲ್‌ಡಿಎಲ್ ಹೀರಿಕೊಳ್ಳುವ ಗ್ರಾಹಕಗಳು ಲಿವರಿನ ಮೇಲ್ಮೈಯಲ್ಲಿರುತ್ತವೆ. ಅವುಗಳ ಜೀನ್ ಅಪ್ಪನಿಂದಲೋ ಅಮ್ಮನಿಂದಲೋ ಕೆಟ್ಟು ಬಂದರೆ ಹುಟ್ಟಿದಾಗಿನಿಂದ ಎಲ್‌ಡಿಎಲ್ ದುಪ್ಪಟ್ಟು. (ಈ ಗ್ರಾಹಕವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.) ವಂಶವಾಹಿ ಹೈಪರ್‌ಕೊಲೆಸ್ಟ್ರಾಲ್ ಅನ್ನುವುದು ಇದನ್ನೇ, ಜಗತ್ತಿನಲ್ಲಿ 250–300 ಜನಕ್ಕೆ ಒಬ್ಬರಂತೆ ಇದೆ. ಅಂದರೆ 310 ಮಕ್ಕಳ ಶಾಲೆಯಲ್ಲಿ ಒಬ್ಬರು ಸಿಕ್ಕರೆ ಲೆಕ್ಕ ಸರಿಯಾಗಿಯೇ ಇದೆ.

ಹೆಸರು ಅಂಟಿಸುವ ಮೊದಲು ಮೂರು ಕೆಲಸ. ಥೈರಾಯ್ಡ್ ಕುಂದಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುವ ನೆಫ್ರೋಟಿಕ್ ಎಂಬ ಕಿಡ್ನಿ ಕಾಯಿಲೆ ಇದ್ದರೆ, ಸ್ಟಿರಾಯ್ಡ್ ಔಷಧ ನಡೆಯುತ್ತಿದ್ದರೆ ಕೊಲೆಸ್ಟ್ರಾಲ್ ಏರುತ್ತದೆ. ಹಾಗಾಗಿ ಥೈರಾಯ್ಡಿಗೆ ಟಿಎಸ್‌ಎಚ್, ಲಿವರಿಗೆ ಎಎಲ್‌ಟಿ, ಮೂತ್ರ ಪರೀಕ್ಷೆ. ಎರಡು ವಾರ ಕಳೆದು, ಮೂರು ತಿಂಗಳೊಳಗೆ ಮತ್ತೊಮ್ಮೆ ಖಾಲಿ ಹೊಟ್ಟೆಯ ಲಿಪಿಡ್ ಪ್ರೊಫೈಲ್ (ಈ ನಾಲ್ಕೂ ಅಂಕಿ ಕೊಡುವ ರಕ್ತಪರೀಕ್ಷೆ), ಎರಡರ ಸರಾಸರಿ. ಅದೇ ದಿನ ಅಪ್ಪ, ಅಮ್ಮ, ಒಡಹುಟ್ಟಿದವರದೂ. ಅಪ್ಪನದೋ ಅಮ್ಮನದೋ ಎಲ್‌ಡಿಎಲ್ ಹಾಗೇ ಏರಿದ್ದರೆ ಟ್ಯೂಬ್ ಅದಲುಬದಲಿನ ಮಾತು ಅಲ್ಲಿಗೆ ಮುಗಿಯಿತು. ಜೊತೆಗೆ ಮನೆಯಲ್ಲಿ ಇಷ್ಟು ದಿನ ಗೊತ್ತಿಲ್ಲದೆ ಓಡಾಡುತ್ತಿದ್ದ ಇನ್ನೊಬ್ಬ ರೋಗಿಯೂ ಸಿಕ್ಕಿದ ಹಾಗೆ. ಆ ರೋಗಿಗೆ ಮಗುವಿಗಿಂತ ಬೇಗ ಚಿಕಿತ್ಸೆ ಬೇಕು.

ಸರಾಸರಿ 190ರ ಮೇಲೇ ಉಳಿದರೆ, ಅಥವಾ 160ರ ಮೇಲಿದ್ದು ಮನೆತನದಲ್ಲಿ ಚಿಕ್ಕ ವಯಸ್ಸಿನ ಹಾರ್ಟ್ ಅಟ್ಯಾಕ್ ಇದ್ದರೆ, ಆರು ತಿಂಗಳ ಪಥ್ಯದ ನಂತರ 10 ವರ್ಷದಿಂದ ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಶುರುಮಾಡುತ್ತಾರೆ. ಶುರುವಿಗೆ ಮುಂಚೆ ಎಎಲ್‌ಟಿ ಮತ್ತು ಸಿಕೆ (ಸ್ನಾಯುವಿನ ಪರೀಕ್ಷೆ), ನಾಲ್ಕು ವಾರಕ್ಕೆ ಮತ್ತೆ. ಗುರಿ ಎಲ್‌ಡಿಎಲ್ 130ರ ಕೆಳಗೆ. 'ಇಷ್ಟು ಚಿಕ್ಕವಳಿಗೆ ಜೀವಮಾನದ ಮಾತ್ರೆಯಾ' ಎಂದು ಅಳುವ ತಾಯಂದಿರಿಗೆ ಹೇಳಲು ಒಂದು ಗಟ್ಟಿ ಉತ್ತರವಿದೆ. ನೆದರ್‌ಲೆಂಡ್ಸಿನಲ್ಲಿ ಇಂಥ 214 ಮಕ್ಕಳಿಗೆ ಸ್ಟಾಟಿನ್ ಕೊಟ್ಟು 20 ವರ್ಷ ಹಿಂಬಾಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 39ನೇ ವಯಸ್ಸಿನೊಳಗೆ ಹೃದಯ-ರಕ್ತನಾಳದ ತೊಂದರೆ ಕಂಡದ್ದು ಆ ಮಕ್ಕಳಲ್ಲಿ 1%, ಅದೇ ವಯಸ್ಸಿಗೆ ಅವರ ರೋಗಪೀಡಿತ ತಂದೆ-ತಾಯಂದಿರಲ್ಲಿ 26%.


ಹಳದಿ_ಮುಚ್ಚಳ (ಲ್ಯಾಬ್, ಮೈಸೂರು)

ಡಾಕ್ಟ್ರು ಓದುವ ಕಡೆಯದು ಹೇಳಿದರು. ನಾನು ತೆಗೆಯುವ ಕಡೆಯದು ಹೇಳುತ್ತೇನೆ, ಏಕೆಂದರೆ ಶಾಲಾ ಶಿಬಿರಗಳು ಕೆಡುವುದು ಅಲ್ಲಿ.

ಖಾಲಿ ಹೊಟ್ಟೆ ಶಿಬಿರಕ್ಕೆ ಬೇಡ. ಸುತ್ತಲ ಹಳ್ಳಿಯಿಂದ ಏಳೂವರೆ ಬಸ್ಸಿಗೆ ಬರುವ ಮಗು ರಾತ್ರಿ ಎಂಟಕ್ಕೆ ಉಂಡಿರುತ್ತದೆ. ನಿಮ್ಮ ಸರತಿ ಅದಕ್ಕೆ ಬರುವ ಹೊತ್ತಿಗೆ ಹತ್ತೂವರೆ. ಸೂಜಿ ಕಂಡ ಭಯವೂ ಸೇರಿ ಸಾಲಿನಲ್ಲೇ ಕುಸಿಯುತ್ತವೆ, ಒಂದು ಬಿದ್ದರೆ ಹಿಂದಿನ ನಾಲ್ಕು ಬೀಳುತ್ತವೆ. ಜರಡಿ ಹಿಡಿಯುವುದಕ್ಕೆ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್‌ಡಿಎಲ್ ಎರಡೇ ಸಾಕು. ಎರಡೂ ತಿಂಡಿಯಿಂದ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ನಾನ್-ಎಚ್‌ಡಿಎಲ್ ಲೆಕ್ಕ ಯಾವ ಹೊತ್ತಿನಲ್ಲಾದರೂ ನಿಲ್ಲುತ್ತದೆ. ತಿಂಡಿಯಿಂದ ಏರುವುದು ಟ್ರೈಗ್ಲಿಸರೈಡ್. ನಾನ್-ಎಚ್‌ಡಿಎಲ್ 145 ಮುಟ್ಟಿದವರನ್ನು ಮಾತ್ರ ಬೇರೆ ದಿನ 8ರಿಂದ 12 ಗಂಟೆ ಉಪವಾಸದಲ್ಲಿ ಕರೆಸಿ. ನೀರು ಕುಡಿಯಬಹುದು, ಕುಡಿಯಲೇಬೇಕು. ನೀರಿಲ್ಲದಿದ್ದರೆ ಪುಟ್ಟ ಕೈಯಲ್ಲಿ ನರ ಸಿಗುವುದಿಲ್ಲ.

ಮಗು ಐದು ನಿಮಿಷ ಕೂತಿರಬೇಕು. ಆಟದ ಮೈದಾನದಿಂದ ಓಡಿಬಂದವನನ್ನು ನಿಲ್ಲಿಸಿಕೊಂಡೇ ತೆಗೆದರೆ ರಕ್ತ ಗಟ್ಟಿಯಾಗಿ ಎಲ್ಲ ಅಂಕಿಯೂ ಮೇಲೆ ಕೂರುತ್ತವೆ. ತೋಳಿಗೆ ಪಟ್ಟಿ ಬಿಗಿದು ಒಂದು ನಿಮಿಷದೊಳಗೆ ಸಡಿಲಿಸಬೇಕು. ನರ ಹುಡುಕುತ್ತಾ ಮೂರು ನಿಮಿಷ ಬಿಟ್ಟರೆ ಅದೇ ತಪ್ಪು ಇನ್ನೊಂದು ರೂಪದಲ್ಲಿ. ಹಳದಿ ಮುಚ್ಚಳದ ಜೆಲ್ ಟ್ಯೂಬಿಗೆ 2–3 ಮಿ.ಲೀ. ಸಾಕು. ಐದು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಲು ಬಿಡಿ, ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ (ಯಂತ್ರದಲ್ಲಿ ಗಿರಗಿರ ತಿರುಗಿಸಿ ಸೀರಮ್ ಬೇರ್ಪಡಿಸುವುದು) ಆಗಬೇಕು. ಮಂಡ್ಯದ ಬಿಸಿಲಲ್ಲಿ ಟ್ಯೂಬ್ ಸ್ಟ್ಯಾಂಡನ್ನು ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗುವವರಿದ್ದಾರೆ, ದಯವಿಟ್ಟು ಬೇಡ. ಹಳದಿ ಖಾಲಿಯಾಯಿತೆಂದು ನೇರಳೆ ಮುಚ್ಚಳಕ್ಕೆ ಹಾಕಬೇಡಿ. ಅದರಲ್ಲಿ ಕೊಲೆಸ್ಟ್ರಾಲ್ ಸುಮಾರು 3% ಕಡಿಮೆ ತೋರಿಸುತ್ತದೆ, ಅಂಚಿನ ಮಕ್ಕಳು ಕೈತಪ್ಪುತ್ತಾರೆ.

ಬೆರಳು ಚುಚ್ಚುವ ಮೀಟರ್ ಕೆಟ್ಟದ್ದಲ್ಲ, ಬಳಸುವ ರೀತಿ ಕೆಟ್ಟದ್ದು. ರಕ್ತ ಬರಲಿಲ್ಲ ಎಂದು ಬೆರಳನ್ನು ಹಿಂಡಿದರೆ ಚರ್ಮದಡಿಯ ನೀರು ಸೇರಿ ಅಂಕಿ ಇಳಿಯುತ್ತದೆ. ಮೊದಲು ಬೆಚ್ಚನೆ ನೀರಿನಲ್ಲಿ ಸೋಪು ಹಾಕಿ ಕೈ ತೊಳೆಸಿ, ಪೂರ್ತಿ ಒಣಗಿಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಿ. ಯಾರೂ ಹೇಳದ ಇನ್ನೊಂದು ವಿಷಯ: ಹ್ಯಾಂಡ್ ಕ್ರೀಮು, ಕೆಲವು ಸ್ಯಾನಿಟೈಸರುಗಳಲ್ಲಿ ಗ್ಲಿಸರಿನ್ ಇರುತ್ತದೆ. ಟ್ರೈಗ್ಲಿಸರೈಡ್ ಅಳೆಯುವುದೇ ಅದನ್ನು ಒಡೆದು ಬರುವ ಗ್ಲಿಸರಾಲ್ ಲೆಕ್ಕ ಹಾಕಿ. ಬೆರಳ ಮೇಲಿನ ಗ್ಲಿಸರಿನ್ನೂ ಲೆಕ್ಕಕ್ಕೆ ಸೇರಿ 90 ಇದ್ದದ್ದು 300 ಆಗಿ ಕೂರಬಹುದು.

ಎಲ್‌ಡಿಎಲ್ ಬಗ್ಗೆ: ಬಹುತೇಕ ರಿಪೋರ್ಟಿನಲ್ಲಿ ಅದು ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಹುಡುಗಿಯದನ್ನು ನೀವೇ ಹಾಕಿ: 271ರಿಂದ 48 ಹೋಗಿ 223, ಅದರಿಂದ 16 ಹೋಗಿ 207. ತಾಳೆಯಾಗುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ನಡೆಯುವುದಿಲ್ಲ. ಇನ್ನು ಒಬ್ಬನೇ ಮನುಷ್ಯನಲ್ಲಿ ದಿನದಿಂದ ದಿನಕ್ಕೆ ಒಟ್ಟು ಕೊಲೆಸ್ಟ್ರಾಲ್ ಶೇ. 6ರಷ್ಟು, ಟ್ರೈಗ್ಲಿಸರೈಡ್ ಶೇ. 20ರಷ್ಟು ಆಡುತ್ತದೆ. ಎರಡು ಸಲ ಮಾಡಿ ಸರಾಸರಿ ತೆಗೆಯಿರಿ ಎಂದು ಡಾಕ್ಟ್ರು ಹೇಳುವುದು ಇದಕ್ಕೇ, ಲ್ಯಾಬಿಗೆ ವ್ಯಾಪಾರ ಆಗಲಿ ಎಂದಲ್ಲ.


ಅಡ್ಡಪ್ರಶ್ನೆ (ಮೈಸೂರು)

310 ಮಕ್ಕಳಿಗೂ ಎನ್ನುವುದನ್ನು ನಾನು ಒಪ್ಪುವುದಿಲ್ಲ. 2011ರ ಸಮಿತಿ 9–11 ವಯಸ್ಸಿನಲ್ಲಿ ಎಲ್ಲರಿಗೂ ಒಮ್ಮೆ, 17–21ರಲ್ಲಿ ಮತ್ತೊಮ್ಮೆ ಮಾಡಿ ಎಂದಿತು, ನಿಜ. ಅದೇ ಅಮೆರಿಕದ ತಡೆ-ಸೇವೆಗಳ ಕಾರ್ಯಪಡೆ 2023ರಲ್ಲಿ 20 ವರ್ಷದೊಳಗಿನವರಿಗೆ ಸಾರಾಸಗಟಾಗಿ ಮಾಡುವುದರಿಂದ ಲಾಭ ಹೆಚ್ಚೋ ನಷ್ಟ ಹೆಚ್ಚೋ ಹೇಳಲು ಸಾಕ್ಷ್ಯ ಸಾಲದು ಎಂದಿದೆ. ನಷ್ಟ ಎಂದರೆ ಸೂಜಿ ನೋವಲ್ಲ. 'ಕೊಲೆಸ್ಟ್ರಾಲ್ ಬಂದಿದೆ' ಎಂಬ ಒಂದು ಮಾತಿಗೆ ಮನೆಯವರು ಸಣಕಲು ಮಗುವಿನ ಹಾಲು, ಮೊಟ್ಟೆ, ಕಡಲೆಕಾಯಿ ಎಲ್ಲ ನಿಲ್ಲಿಸಿ ಬೆಳವಣಿಗೆಯನ್ನೇ ಕೆಡಿಸುತ್ತಾರೆ.

ಮಾಡಲೇಬೇಕೆಂದರೆ 4, 5, 6ನೇ ತರಗತಿ ಸಾಕು. 8–9ನೇ ತರಗತಿಯನ್ನು ಬಿಡಿ. ಮೈನೆರೆಯುವ, ಮೀಸೆ ಚಿಗುರುವ ಆ ಎರಡು-ಮೂರು ವರ್ಷ ಎಲ್‌ಡಿಎಲ್ 10ರಿಂದ 20% ತಾನಾಗಿ ಇಳಿದು ಆಮೇಲೆ ಏರುತ್ತದೆ. ಆಗ ಅಳೆದರೆ ನಿಜವಾಗಿ ಹೆಚ್ಚಿರುವವನೂ ಸರಿ ಎಂದು ಪಾಸಾಗುತ್ತಾನೆ.

ಸೂಜಿಗಿಂತ ಮೊದಲು ಒಂದು ಹಾಳೆ ಪ್ರಶ್ನೆಪತ್ರ ಮನೆಗೆ ಕಳಿಸಿ, ಎಲ್ಲ 310 ಮಕ್ಕಳಿಗೂ. ಇದಕ್ಕೆ ಖರ್ಚಿಲ್ಲ. ಆದರೆ ಪ್ರಶ್ನೆ ಕೇಳುವ ರೀತಿ ಮುಖ್ಯ. 'ಕುಟುಂಬದಲ್ಲಿ ಹೃದ್ರೋಗವಿದೆಯೇ?' ಎಂದರೆ ಎಲ್ಲರೂ ಇಲ್ಲ ಎಂದು ಬರೆದು ಕಳಿಸುತ್ತಾರೆ. ಹೀಗೆ ಕೇಳಿ: ಅಜ್ಜ, ಅಜ್ಜಿ, ಅಪ್ಪ, ಅಮ್ಮ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ, ಇವರಲ್ಲಿ ಯಾರಾದರೂ ಗಂಡಸರು 55ರೊಳಗೆ, ಹೆಂಗಸರು 65ರೊಳಗೆ ತೀರಿಕೊಂಡಿದ್ದಾರಾ? ಏನಾಗಿತ್ತು? ಸ್ಟೆಂಟ್ ಹಾಕಿಸಿದ್ದಾರಾ, ಬೈಪಾಸ್ ಆಗಿದೆಯಾ, ಲಕ್ವ ಹೊಡೆದಿದೆಯಾ? 'ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಿದವರು ಬೆಳಗ್ಗೆ ಏಳಲಿಲ್ಲ' ಎನ್ನುವ ಉತ್ತರ ನಮ್ಮ ಕಡೆ ಬಹಳ ಬರುತ್ತದೆ. ಅದನ್ನು ಹೌದು ಎಂದೇ ಎಣಿಸಿ.

ಎರಡನೇ ಪ್ರಶ್ನೆ, ತಂದೆತಾಯಿ ಸಂಬಂಧದಲ್ಲೇ ಮದುವೆಯಾದವರಾ. ಸೋದರಮಾವನಿಗೇ ಹೆಣ್ಣು ಕೊಡುವುದು ಮಂಡ್ಯ-ಮೈಸೂರು ಕಡೆ ಹೊಸದಲ್ಲ. ಡಾಕ್ಟ್ರು ಹೇಳಿದ ಆ ಕೆಟ್ಟ ಜೀನ್ ಮನೆತನದಲ್ಲಿ ಇದ್ದು ಇಬ್ಬರಿಗೂ ಬಂದಿದ್ದರೆ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರಂತೆ ಎರಡೂ ಕೆಟ್ಟ ಪ್ರತಿ ಬರುವ ಸಂಭವ. ಆಗ ಎಲ್‌ಡಿಎಲ್ 400–500 ದಾಟುತ್ತದೆ, ಹದಿಹರೆಯದಲ್ಲೇ ಹಾರ್ಟ್ ಅಟ್ಯಾಕ್ ಆಗಬಹುದು. ಈ ಮಕ್ಕಳನ್ನು ರಕ್ತ ಇಲ್ಲದೆಯೂ ಗುರುತಿಸಬಹುದು: ಮೊಣಕೈ, ಮೊಣಕಾಲು, ಕುಂಡೆ, ಬೆರಳ ಸಂದುಗಳಲ್ಲಿ ಹಳದಿ ಬಣ್ಣದ ಗಂಟುಗಳು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹಗ್ಗದ ಹಾಗೆ ದಪ್ಪ. ನರಹುಲಿ ಎಂದುಕೊಂಡು ಚರ್ಮದ ಡಾಕ್ಟರ ಬಳಿ ಸುಡಿಸಿಕೊಂಡು ಬರುತ್ತಾರೆ. ನೀವು ಪಿಟಿ ಮೇಷ್ಟ್ರು, ಚಡ್ಡಿ ಹಾಕಿ ಓಡುವ ಮಕ್ಕಳ ಮೊಣಕಾಲು ನಿಮ್ಮಷ್ಟು ನೋಡುವವರು ಯಾರೂ ಇಲ್ಲ.

ಮೂರನೆಯದು ಹುಟ್ಟಿದಾಗಿನ ತೂಕ. ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ, ನೋಡಿ ತುಂಬಿಸಲು ಹೇಳಿ. ಇದಕ್ಕೆ ಆಧಾರ ದೂರದ್ದಲ್ಲ, ಮೈಸೂರಿನದೇ. ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ-ಉದ್ದ ಬರೆದಿಟ್ಟಿತ್ತು. 1934–54ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಊರಿನಲ್ಲಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು: ಹುಟ್ಟಿದಾಗ 2.5 ಕೆಜಿ ಅಥವಾ ಕಡಿಮೆ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ 11%, 3.1 ಕೆಜಿ ಮೇಲಿದ್ದವರಲ್ಲಿ 3%. ಚಿಕ್ಕದಾಗಿ ಹುಟ್ಟಿ ಶಾಲೆಯ ವಯಸ್ಸಿನಲ್ಲಿ ಗಬಗಬ ತೂಕ ಏರಿಸಿಕೊಳ್ಳುವ ಮಗುವಿನ ಮೇಲೆ ಒಂದು ಕಣ್ಣಿಡಿ. ಪ್ರತಿ ವರ್ಷ ಎತ್ತರ-ತೂಕ ತೆಗೆಯುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡದ ರಿಜಿಸ್ಟರ್ ಇದ್ದರೆ ಮೂರು ವರ್ಷದ ಅಂಕಿ ಸಾಲಾಗಿ ಬರೆದುಕೊಳ್ಳಿ, ಏರಿಕೆ ಕಣ್ಣಿಗೆ ಹೊಡೆಯುತ್ತದೆ.

ಈ ಮೂರರಲ್ಲಿ ಒಂದಕ್ಕೆ ಹೌದು ಬಂದವರು, ಬೊಜ್ಜಿರುವವರು, ಬಿಪಿ ಅಥವಾ ಶುಗರ್ ಇರುವ ಮಕ್ಕಳು, ಇಷ್ಟು ಜನಕ್ಕೆ ಯಾವ ವಯಸ್ಸಾದರೂ ರಕ್ತ ತೆಗೆಯಿರಿ.


ಮಕ್ಕಳ_ಒಪಿಡಿ (ಮೈಸೂರು)

ಅಡ್ಡಪ್ರಶ್ನೆಯವರ ಪ್ರಶ್ನೆಪತ್ರ ಒಪ್ಪಿದೆ, ಆದರೆ ಅದನ್ನೇ ನಂಬಿ ಕೂತರೆ ಒಂದು ತೂತು ಉಳಿಯುತ್ತದೆ. 10 ವರ್ಷದ ಮಗುವಿನ ಅಪ್ಪನಿಗೆ ಈಗ 36–38. ಹಾರ್ಟ್ ಅಟ್ಯಾಕ್ ಆಗುವ ವಯಸ್ಸೇ ಇನ್ನೂ ಬಂದಿಲ್ಲ. ಅಜ್ಜ ಬೇರೆ ಕಾರಣಕ್ಕೆ ಹೋಗಿದ್ದರೆ ಮನೆತನದ ಕಥೆಯೇ ಇರುವುದಿಲ್ಲ. ಬರೀ ಕುಟುಂಬದ ಚರಿತ್ರೆ ಕೇಳಿದರೆ ಇಂಥ ಮಕ್ಕಳು ಒಂದಷ್ಟು ಜನ ತಪ್ಪಿಹೋಗುತ್ತಾರೆ. 4–6ನೇ ತರಗತಿಗೆ ಎಲ್ಲರಿಗೂ, ಉಳಿದವರಲ್ಲಿ ಆಯ್ದವರಿಗೆ ಎನ್ನುವುದು ನನ್ನ ಮಟ್ಟಿಗೆ ಸರಿಯಾದ ಜಾಗ.

ಇನ್ನೊಂದು. ಕೇಂದ್ರ ಆರೋಗ್ಯ ಇಲಾಖೆಯ 2016–18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ 5–9 ವರ್ಷದ ಮಕ್ಕಳಲ್ಲಿ 34% ಜನಕ್ಕೆ, 10–19ರವರಲ್ಲಿ 16% ಜನಕ್ಕೆ ಟ್ರೈಗ್ಲಿಸರೈಡ್ ಹೆಚ್ಚಿತ್ತು. ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು 3–4% ಮಾತ್ರ. ನಮ್ಮ ಮಕ್ಕಳ ಸಾಮಾನ್ಯ ತೊಂದರೆ ಹುಡುಗನ ಥರದ್ದು, ಹುಡುಗಿಯ ಥರದ್ದು ಅಪರೂಪ. ಆದರೆ ಮೊದಲು ಹೃದಯಕ್ಕೆ ಬಡಿಯುವುದು ಆ ಅಪರೂಪದ್ದೇ. ಎರಡಕ್ಕೂ ಒಂದೇ ಪಥ್ಯದ ಚೀಟಿ ಹಂಚಬೇಡಿ.


ಉಪ್ಸಾರು_ಮುದ್ದೆ (ಆಹಾರ ತಜ್ಞೆ, ಮಂಡ್ಯ)

ಆ ಕೊನೆಯ ಮಾತಿಗೆ ನನ್ನ ಉತ್ತರ ಸೇರಿಸುತ್ತೇನೆ. ಕೊಲೆಸ್ಟ್ರಾಲ್ ಎಂದ ಕೂಡಲೇ 'ಎಣ್ಣೆ ಬಿಡಿ' ಎನ್ನುವುದು ಹುಡುಗನ ವಿಷಯದಲ್ಲಿ ಹೆಚ್ಚುಕಮ್ಮಿ ವ್ಯರ್ಥ. ಅವನ ಟ್ರೈಗ್ಲಿಸರೈಡ್ ಏರಿರುವುದು ಸಕ್ಕರೆ, ಮೈದಾ, ಪಾಲಿಶ್ ಅಕ್ಕಿಯಿಂದ. ಲಿವರಿಗೆ ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆ ಬಂದರೆ ಅದು ಕೊಬ್ಬಾಗಿ ಕಟ್ಟಿ ರಕ್ತಕ್ಕೆ ಕಳಿಸುತ್ತದೆ. 300 ಮಿ.ಲೀ. ಕೂಲ್‌ಡ್ರಿಂಕ್ಸಿನಲ್ಲಿ ಸುಮಾರು 32 ಗ್ರಾಂ ಸಕ್ಕರೆ, ಅಂದರೆ ಆರು ಚಮಚದ ಮೇಲೆ. ಒಂದು ಲೋಟ ಕಬ್ಬಿನ ಹಾಲಿನಲ್ಲೂ ಅದಕ್ಕೆ ಕಮ್ಮಿಯೇನಿಲ್ಲ. ಸಕ್ಕರೆ ನಾಡಿನಲ್ಲಿ ಇದನ್ನು ಹೇಳಿದರೆ ಬೈಸಿಕೊಳ್ಳಬೇಕು, ಆದರೂ ಹೇಳಲೇಬೇಕು: ಬೆಲ್ಲ ಕೂಡ ಟ್ರೈಗ್ಲಿಸರೈಡಿನ ಲೆಕ್ಕದಲ್ಲಿ ಸಕ್ಕರೆಯೇ. ಬಣ್ಣ ಬೇರೆ, ಅಷ್ಟೆ. ಕೂಲ್‌ಡ್ರಿಂಕ್ಸು, ಪ್ಯಾಕೆಟ್ ಜ್ಯೂಸು, ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿ, ಸಂಜೆಯ ಬೇಕರಿ, ಈ ನಾಲ್ಕನ್ನು ನಿಲ್ಲಿಸಿದರೆ ಕೆಲವು ವಾರದಲ್ಲೇ ಅಂಕಿ ಇಳಿಯತೊಡಗುತ್ತದೆ. ಇಷ್ಟು ಬೇಗ ಮಾತು ಕೇಳುವ ಅಂಕಿ ಲಿಪಿಡ್ ಪ್ರೊಫೈಲಿನಲ್ಲಿ ಇನ್ನೊಂದಿಲ್ಲ. ದಿನಕ್ಕೆ ಒಂದು ಗಂಟೆ ಬೆವರು ಬರುವ ಆಟ ಸೇರಿದರೆ ಎಚ್‌ಡಿಎಲ್ಲೂ ನಿಧಾನಕ್ಕೆ ಏಳುತ್ತದೆ. ಪಿಟಿ ಪೀರಿಯಡನ್ನು ಗಣಿತದ ಮೇಷ್ಟ್ರಿಗೆ ಬಿಟ್ಟುಕೊಡಬೇಡಿ ಸಾರ್.

ಅವನಿಗೆ ರಾತ್ರಿ ಅನ್ನ ಕಡಿಮೆ ಮಾಡಿ ಮುದ್ದೆ ಕೊಡಿ. 100 ಗ್ರಾಂ ರಾಗಿಹಿಟ್ಟಿನಲ್ಲಿ ನಾರು ಸುಮಾರು 11 ಗ್ರಾಂ. ಮಗುವಿಗೆ ದಿನಕ್ಕೆ ಬೇಕಾದ ನಾರು ಎಂದರೆ ವಯಸ್ಸಿಗೆ ಐದು ಸೇರಿಸಿ, 12 ವರ್ಷಕ್ಕೆ 17 ಗ್ರಾಂ. ಒಂದು ಮುದ್ದೆ, ಹುರುಳಿ ಅಥವಾ ಅವರೆಕಾಳಿನ ಬಸ್ಸಾರು, ಜೊತೆಗೆ ಬಸಿದ ಸೊಪ್ಪಿನ ಪಲ್ಯ: ಒಂದು ಊಟದಲ್ಲಿ ಮುಕ್ಕಾಲು ಪಾಲು ಬಂತು. ಆದರೆ ಮುದ್ದೆ ಒಳ್ಳೆಯದೆಂದು ಎರಡು ದೊಡ್ಡ ಮುದ್ದೆ ನುಂಗಿಸಿದರೆ ಅದೂ ಪಿಷ್ಟವೇ.

ಹುಡುಗಿಯ ತಟ್ಟೆ ಬೇರೆ. ಅವಳಿಗೆ ಅನ್ನ, ಮುದ್ದೆ ಕಡಿಮೆ ಮಾಡಬಾರದು, ತೂಕ ಇಳಿಯಬಾರದು. ಇಳಿಸಬೇಕಾದ್ದು ಗಟ್ಟಿಕೊಬ್ಬು, ಅಂದರೆ ಸ್ಯಾಚುರೇಟೆಡ್ ಕೊಬ್ಬು, ಒಟ್ಟು ಶಕ್ತಿಯ 7%ಕ್ಕೆ. 2,000 ಕ್ಯಾಲರಿ ಲೆಕ್ಕದಲ್ಲಿ ಅದು ದಿನಕ್ಕೆ 15–16 ಗ್ರಾಂ. ಇದು ಎಷ್ಟು ಬೇಗ ಮುಗಿಯುತ್ತದೆ ನೋಡಿ. 6% ಕೊಬ್ಬಿನ ಫುಲ್ ಕ್ರೀಮ್ ಹಾಲು ಅರ್ಧ ಲೀಟರ್ ಕುಡಿದರೆ 30 ಗ್ರಾಂ ಕೊಬ್ಬು, ಅದರಲ್ಲಿ 18–19 ಗ್ರಾಂ ಗಟ್ಟಿಕೊಬ್ಬು. ದಿನದ ಪಾಲು ಹಾಲಿನಲ್ಲೇ ದಾಟಿತು. 3%ನ ಟೋನ್ಡ್ ಹಾಲಾದರೆ 9 ಗ್ರಾಂ ಸುಮಾರು, 1.5%ನದಾದರೆ ಅದರರ್ಧ. ಕ್ಯಾಲ್ಸಿಯಂ ಎಲ್ಲದರಲ್ಲೂ ಅಷ್ಟೇ ಇರುತ್ತದೆ. ಊರ ಎಮ್ಮೆ ಹಾಲಾದರೆ ಕಾಯಿಸಿ, ಆರಿಸಿ, ಕೆನೆ ತೆಗೆದು, ಮತ್ತೊಮ್ಮೆ ಹಾಗೇ ಮಾಡಿ. ತುಪ್ಪ ಒಂದು ಚಮಚಕ್ಕೆ 3 ಗ್ರಾಂ. ತೆಂಗಿನಕಾಯಿ ತುರಿ ಎರಡು ದೊಡ್ಡ ಚಮಚ ಎಂದರೆ 5–6 ಗ್ರಾಂ. ಸಾರಿಗೆ ರುಬ್ಬುವ ಕಾಯಿ ಅರ್ಧ ಮಾಡಿ ಹುರಿಗಡಲೆಯಿಂದ ಗಟ್ಟಿ ಮಾಡಿದರೆ ರುಚಿ ಅಷ್ಟೇನೂ ಹೋಗುವುದಿಲ್ಲ. ಎಣ್ಣೆಯಲ್ಲಿ ಕಡಲೆಕಾಯಿ ಎಣ್ಣೆಯ ಐದರಲ್ಲೊಂದು ಭಾಗ ಗಟ್ಟಿಕೊಬ್ಬು, ಪಾಮ್ ಎಣ್ಣೆಯಲ್ಲಿ ಅರ್ಧ. ಬೇಕರಿ ಪಫ್ಸು, ಬೆಣ್ಣೆ ಬಿಸ್ಕತ್ತು, ರೈಲಿನ ವಡೆ ಯಾವುದರಲ್ಲಿ ಕರಿದದ್ದು ಎಂದು ನಮಗೆ ಗೊತ್ತಾಗುವುದಿಲ್ಲ, ಹಾಗಾಗಿ ಅವಳಿಗೆ ಬೇಡ.

ಭಾನುವಾರದ ಬಾಡು ಬಿಡಿಸುವುದು ಮಂಡ್ಯದಲ್ಲಿ ಆಗದ ಮಾತು. ಬಿಡಿಸಬೇಕಾಗಿಯೂ ಇಲ್ಲ. ನಾಟಿಕೋಳಿ ಚರ್ಮ ತೆಗೆದು ಮಾಡಿ. ಮಟನ್ನಿನ ಬಿಳಿ ಚರ್ಬಿ ಕತ್ತರಿಸಿ ತೆಗೆಯಿರಿ. ಸಾರನ್ನು ಹಿಂದಿನ ರಾತ್ರಿ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಮೇಲೆ ಹೆಪ್ಪಾಗುತ್ತದೆ, ಸೌಟಿನಲ್ಲಿ ಎತ್ತಿಬಿಡಿ. ತಲೆಮಾಂಸ, ಬೋಟಿ, ಈಲಿ (ಲಿವರ್) ಅವಳ ತಟ್ಟೆಗೆ ಬೇಡ.

ಶಾಲೆಯ ಮೊಟ್ಟೆ: ಒಂದು ಹಳದಿಯಲ್ಲಿ ಸುಮಾರು 186 ಮಿ.ಗ್ರಾಂ ಕೊಲೆಸ್ಟ್ರಾಲ್. ಅವಳ ದಿನದ ಮಿತಿ 200. ಅವಳು ಬಿಳಿ ತಿಂದು ಹಳದಿಯನ್ನು ಪಕ್ಕದವಳಿಗೆ ಕೊಡಲಿ. ಉಳಿದ 309 ಮಕ್ಕಳಿಗೆ, ದಪ್ಪ ಹುಡುಗನೂ ಸೇರಿ, ಮೊಟ್ಟೆ ನಿಲ್ಲಿಸಬೇಡಿ. ಕ್ಷೀರಭಾಗ್ಯದ 150 ಮಿ.ಲೀ. ಹಾಲನ್ನೂ ನಿಲ್ಲಿಸಬೇಡಿ.

ಇಷ್ಟೆಲ್ಲ ಮಾಡಿದರೂ ಹುಡುಗಿಯ ಎಲ್‌ಡಿಎಲ್ 10–15% ಇಳಿದರೆ ದೊಡ್ಡದು. 207 ಇದ್ದದ್ದು 180ರ ಆಸುಪಾಸು. ಆರು ತಿಂಗಳು ನಿಷ್ಠೆಯಿಂದ ಪಥ್ಯ ಮಾಡಿಸಿದ ತಾಯಿ ಆ 180 ನೋಡಿ 'ನಾನೇ ಸರಿಯಾಗಿ ಮಾಡಲಿಲ್ಲ' ಎಂದು ಕುಗ್ಗುತ್ತಾರೆ. ಮೊದಲೇ ಹೇಳಿಬಿಡಿ: ಅಡುಗೆಮನೆಯ ಕೈಗೆ ಎಟುಕುವುದು ಇಷ್ಟೇ, ಮಿಕ್ಕದ್ದು ಜೀನಿನದು, ಅದಕ್ಕೆ ಮಾತ್ರೆ.


ಪಿಟಿ_ಮೇಷ್ಟ್ರು (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಹುಡುಗಿಯ ಮನೆಗೆ ಪ್ರಶ್ನೆಪತ್ರದ ಪ್ರಶ್ನೆಗಳನ್ನೇ ಹಿಡಿದು ಕೇಳಿಸಿದೆ. ತಾಯಿಯ ಅಣ್ಣ 41ಕ್ಕೆ ಹೋಗಿದ್ದಾರೆ, ಗದ್ದೆಯಲ್ಲಿ ಕುಸಿದು. 'ಬಿಸಿಲು ಬಡಿದಿತ್ತು' ಅಂದರು. ತಾಯಿಗೆ ಇದುವರೆಗೆ ಲಿಪಿಡ್ ಪರೀಕ್ಷೆ ಆಗಿಲ್ಲ. ಎಲ್ಲಿಗೆ ಕಳಿಸಲಿ? ಇನ್ನೊಂದು, ರಜೆ ಮುಗಿದ ಮೊದಲ ವಾರವೇ ಶಿಬಿರ ಇಟ್ಟುಕೊಳ್ಳಬಹುದಾ? ರಿಪೋರ್ಟನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಎಲ್ಲರಿಗೂ ಬೇಗ ಮುಟ್ಟುತ್ತೆ ಅಂತ ಸಮಿತಿಯವರು ಹೇಳ್ತಿದ್ದಾರೆ.


ಮಕ್ಕಳ_ಒಪಿಡಿ (ಮೈಸೂರು)

41ಕ್ಕೆ ಗದ್ದೆಯಲ್ಲಿ ಕುಸಿದದ್ದನ್ನು ಬಿಸಿಲು ಎಂದು ಬಿಡಲು ಆಗುವುದಿಲ್ಲ. ತಾಯಿ ಇದೇ ವಾರ ಲಿಪಿಡ್ ಮತ್ತು ಇಸಿಜಿ ಮಾಡಿಸಲಿ. ನಡೆದಾಗ ಎದೆ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ ಎಂದರೆ ವಾರ ಕಾಯುವುದೂ ಬೇಡ. ಮಗುವನ್ನು ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನ ಮಕ್ಕಳ ವಿಭಾಗಕ್ಕೆ ತೋರಿಸಿ ಎರಡನೇ ಪರೀಕ್ಷೆ ಮಾಡಿಸಿ, ಎರಡೂ ರಿಪೋರ್ಟಿನೊಂದಿಗೆ ತಾಯಿ-ಮಗಳು ಇಬ್ಬರೂ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಬಹುದು. ಲಿಪೊಪ್ರೋಟೀನ್ (ಎ) ಎನ್ನುವ ಪರೀಕ್ಷೆಯನ್ನು ಇಬ್ಬರಿಗೂ ಒಮ್ಮೆ ಸೇರಿಸಲು ಕೇಳಿ. ಅದು ಹುಟ್ಟಿನಿಂದ ಬರುವ ಅಂಕಿ, ಜೀವಮಾನದಲ್ಲಿ ಹೆಚ್ಚು ಬದಲಾಗುವುದಿಲ್ಲ, ಒಂದು ಸಲ ಸಾಕು. 50 ಮಿ.ಗ್ರಾಂ. ದಾಟಿದ್ದರೆ ಅಪಾಯ ಇನ್ನೊಂದು ಮೆಟ್ಟಿಲು ಮೇಲೆ. ಮನೆಯೊಳಗೆ ಬೀಡಿ ಸೇದುವವರಿದ್ದರೆ ಅದು ಹೊರಗೆ ಹೋಗಬೇಕು, ಇದರಲ್ಲಿ ರಾಜಿ ಇಲ್ಲ.

ವಾಟ್ಸಾಪ್ ಗುಂಪು ಖಂಡಿತ ಬೇಡ. ದಪ್ಪ ಹುಡುಗನಿಗೆ ಈಗಾಗಲೇ ಒಂದು ಅಡ್ಡಹೆಸರು ಇದ್ದೇ ಇರುತ್ತದೆ, ಇನ್ನೊಂದು ಕೊಡಬೇಡಿ. ಮುಚ್ಚಿದ ಕವರಿನಲ್ಲಿ ಪೋಷಕರ ಕೈಗೆ, ಹೆಚ್ಚು ಬಂದವರಿಗೆ ಎದುರು ಕೂರಿಸಿ. ರಕ್ತ ತೆಗೆಯಲು ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ ಮೊದಲೇ ಬಂದಿರಬೇಕು.


ಹಳದಿ_ಮುಚ್ಚಳ (ಲ್ಯಾಬ್, ಮೈಸೂರು)

ರಜೆ ಮುಗಿದ ಮೊದಲ ವಾರ ಬೇಡ ಮೇಷ್ಟ್ರೇ. ಹದಿನೈದು ದಿನ ಹಬ್ಬದ ಒಬ್ಬಟ್ಟು, ನೆಂಟರ ಮನೆ, ಬಸ್ ಪ್ರಯಾಣ, ಆಮೇಲೆ ಮನೆಗೊಂದು ಜ್ವರ. ಜ್ವರ ಬಂದಾಗ ಕೊಲೆಸ್ಟ್ರಾಲ್ ಇಳಿಯುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ಎರಡೂ ಸುಳ್ಳು. ಶಾಲೆ ಶುರುವಾಗಿ ಮೂರು ವಾರ ಕಳೆಯಲಿ, ಮಾಮೂಲಿ ಊಟಕ್ಕೆ ಬಂದಿರುತ್ತಾರೆ. ಆ ದಿನವೂ 'ಮೂರು ವಾರದೊಳಗೆ ಜ್ವರ, ಭೇದಿ ಏನಾದರೂ?' ಎಂದು ಕೇಳಿ, ಹೌದೆಂದವರನ್ನು ಪಕ್ಕಕ್ಕಿಡಿ.

ಒಂದು ದಿನಕ್ಕೆ 40 ಮಕ್ಕಳಿಗಿಂತ ಹೆಚ್ಚು ಬೇಡ, ಒಬ್ಬರು ತೆಗೆಯುವವರಿಗೆ ಅಷ್ಟೇ ನ್ಯಾಯ. ಟ್ಯೂಬಿಗೆ ಚೀಟಿ ಅಂಟಿಸುವುದು ರಕ್ತ ತೆಗೆದ ಮೇಲೆ, ಮಗು ಕುರ್ಚಿಯಿಂದ ಏಳುವ ಮುಂಚೆ, ಅದರ ಬಾಯಲ್ಲೇ ಹೆಸರು ಹೇಳಿಸಿ. ಹೆಸರೊಂದೇ ಬರೆಯಬೇಡಿ, ಐದನೇ ತರಗತಿಯಲ್ಲಿ ಮೂರು ಜನ ಚಂದನ ಇರುತ್ತಾರೆ, ಅದರಲ್ಲಿ ಒಬ್ಬ ಹುಡುಗ. ಸ್ಯಾಟ್ಸ್ ಸಂಖ್ಯೆಯ (ಪ್ರತಿ ವಿದ್ಯಾರ್ಥಿಗೂ ಇರುವ ಸರ್ಕಾರಿ ಗುರುತಿನ ಸಂಖ್ಯೆ) ಕೊನೆಯ ನಾಲ್ಕು ಅಂಕಿ ಜೊತೆಗಿರಲಿ.